ಸಭಾಪಾಲಕನ ಕಪಾಟಿನಲ್ಲಿ ಆರು ಕಾದಂಬರಿಗಳು

ನಮ್ಮ ಸಭಾಪಾಲಕರು ಕಾದಂಬರಿಗಳನ್ನು ಓದುವುದಿಲ್ಲವೆಂಬ ಮಾತು ಪೂರ್ತಿಯಾಗಿ ನಿಜವಲ್ಲ. ಓದುವವರಿದ್ದಾರೆ. ಆದರೆ ಅವರಲ್ಲಿ ಹೆಚ್ಚಿನವರು ಬರುವ ಭಾನುವಾರದ ಪ್ರಸಂಗಕ್ಕೆ ಒಂದು ದೃಷ್ಟಾಂತ ಸಿಕ್ಕೀತೆಂಬ ನಿರೀಕ್ಷೆಯಿಂದ ಓದುತ್ತಾರೆ. ಸಿಕ್ಕ ಕೂಡಲೇ ಪುಸ್ತಕವನ್ನು ಮುಚ್ಚಿಡುತ್ತಾರೆ. ನಾತಾನನು ದಾವೀದನ ಮುಂದೆ ಹೇಳಿದ ಬಡವನ ಕುರಿಮರಿಯ ಕಥೆ ಫಲಕೊಟ್ಟದ್ದು, ಅದೊಂದು ದೃಷ್ಟಾಂತವೆಂದು ದಾವೀದನಿಗೆ ತಿಳಿಯದೆ ಇದ್ದುದರಿಂದ. ಅವನು ಅದನ್ನು ನಡೆದ ಸಂಗತಿಯೆಂದೇ ಕೇಳಿದನು, ಆ ಐಶ್ವರ್ಯವಂತನ ಮೇಲೆ ನಿಜವಾಗಿಯೂ ಕೋಪಗೊಂಡನು. ಕೋಪ ಬಂದ ಮೇಲೆಯೇ ತೀರ್ಪು ಅವನ ಕಡೆಗೆ ತಿರುಗಿತು. ಕಾದಂಬರಿಯನ್ನು ಓದುವ ಕ್ರಮವೂ ಇದೇ ಆಗಬೇಕೆಂದು ನಾನು ತಿಳಿಯುತ್ತೇನೆ. ಕಥೆಯೊಳಗಿನ ಜನರ ಮೇಲೆ ಕೋಪವೋ ಕನಿಕರವೋ ಹುಟ್ಟುವ ಮೊದಲೇ ನೀತಿಯನ್ನು ಹುಡುಕುವವನಿಗೆ ನಾತಾನನ ಬೆರಳು ಕಾಣಿಸುವುದಿಲ್ಲ.

ಇತ್ತೀಚೆಗೆ ಓದಿದ, ಕೆಲವನ್ನು ಎರಡನೆಯ ಸಲ ಓದಿದ, ಆರು ಕಾದಂಬರಿಗಳ ಕುರಿತು ನನಗನಿಸಿದ್ದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಬರೆದಿದ್ದೇನೆ. ಇವು ಒಂದೇ ಜಾತಿಯ ಪುಸ್ತಕಗಳಲ್ಲ. ಒಂದು ಪತ್ತೇದಾರಿ, ಒಂದು ಅಂತರಿಕ್ಷಯಾನದ ಕಥೆ, ಒಂದು ಮುದುಕನ ಪತ್ರ, ಒಂದು ಹಿಂಸೆಯ ಇತಿಹಾಸ, ಒಂದು ಅಂತ್ಯಕಾಲದ ರೋಮಾಂಚಕ ಕಥೆ, ಕೊನೆಯದು ನಮ್ಮ ಕರಾವಳಿಯದು. ಇವೆಲ್ಲವುಗಳಲ್ಲಿಯೂ ದೇವರ ಸೇವಕರು ಬರುತ್ತಾರೆ. ಅವರ ನಂಬಿಕೆಗೂ ಸಂದೇಹಕ್ಕೂ ಬೆಲೆ ತೆತ್ತವರು ಯಾರೆಂದು ನೋಡುತ್ತಾ ಹೋದೆ.

ಕಡಿಮೆ ಹೇಳಬೇಕಾದದ್ದನ್ನು ಮೊದಲು ಮುಗಿಸುತ್ತೇನೆ. ಟಿಮ್ ಲಾಹೇ ಮತ್ತು ಜೆರಿ ಜೆಂಕಿನ್ಸ್ ಸೇರಿ ಬರೆದ 'ಲೆಫ್ಟ್ ಬಿಹೈಂಡ್' 1995ರಲ್ಲಿ ಪ್ರಕಟವಾಯಿತು. ಅನಂತರ ಅದೇ ಸಾಲಿನಲ್ಲಿ ಹತ್ತಾರು ಪುಸ್ತಕಗಳು ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ರೂಪಿಸಿದ ಅಂತ್ಯಕಾಲದ ವ್ಯಾಖ್ಯಾನವನ್ನು ವಿಮಾನ ಚಾಲಕ, ಪತ್ರಕರ್ತ ಮೊದಲಾದ ಪಾತ್ರಗಳ ಮೂಲಕ ಓಡಿಸುವ ಕಥೆಯಿದು. ಡಾರ್ಬಿಯ ವ್ಯಾಖ್ಯಾನದ ಬಗ್ಗೆ ನನ್ನ ಭಿನ್ನಾಭಿಪ್ರಾಯವನ್ನು ಬದಿಗಿಟ್ಟು ಕಾದಂಬರಿಯೆಂದೇ ಓದಿದೆ. ಮೊದಲ ಅಧ್ಯಾಯಗಳಲ್ಲಿ ಲೋಕದ ಎಲ್ಲ ಮಕ್ಕಳೂ, ಗರ್ಭದಲ್ಲಿರುವ ಶಿಶುಗಳೂ ಸೇರಿ, ಒಂದೇ ಕ್ಷಣದಲ್ಲಿ ಇಲ್ಲವಾಗುತ್ತಾರೆ. ಹೀಗೆ ಬರೆದ ಮೇಲೆ ಯಾವ ಲೇಖಕನೂ ಮುಂದಿನ ಪುಟಕ್ಕೆ ಸುಲಭವಾಗಿ ಹೋಗಲಾರ. ಇವರು ಹೋಗುತ್ತಾರೆ. ದೂರವಾಣಿ ಕರೆಗಳು, ವಿಮಾನದ ವೇಳೆ, ವಿಶ್ವಸಂಸ್ಥೆಯ ರಾಜಕೀಯ! ವಿಮಾನ ಚಾಲಕನು ತನ್ನ ಹೆಂಡತಿಗಾಗಿಯೂ ಮಗನಿಗಾಗಿಯೂ ದುಃಖಿಸುತ್ತಾನೆ, ನಿಜ. ಆದರೆ ಲೋಕದ ಕೋಟ್ಯಂತರ ಖಾಲಿ ತೊಟ್ಟಿಲುಗಳು ಕಥೆಯ ವೇಗವನ್ನು ಸ್ವಲ್ಪವೂ ತಗ್ಗಿಸುವುದಿಲ್ಲ. ಒಂದು ಚಿಕ್ಕ ಊರಿನ ಮಕ್ಕಳು ಹತರಾದಾಗ ಮತ್ತಾಯನು ಕಥೆಯನ್ನು ನಿಲ್ಲಿಸಿ ರಾಹೇಲಳ ಗೋಳನ್ನು ನೆನಪಿಸಿದನು. ಈ ಪುಸ್ತಕವು ದೈವಶಾಸ್ತ್ರದಲ್ಲಿ ಸೋಲುವ ಮೊದಲೇ ಕನಿಕರದಲ್ಲಿ ಸೋತಿದೆ. ಅಂತ್ಯಕಾಲದ ಪ್ರಸಂಗಗಳಿಗೆ ಇದರಿಂದ ಸಾಮಗ್ರಿ ತೆಗೆಯುವವರು ಈ ಕೊರತೆಯನ್ನೂ ಜೊತೆಯಲ್ಲೇ ತೆಗೆದುಕೊಳ್ಳುತ್ತಾರೆ.

ಉಂಬೆರ್ತೊ ಎಕೊ 1980ರಲ್ಲಿ ಬರೆದ 'ದಿ ನೇಮ್ ಆಫ್ ದಿ ರೋಸ್' ಬೇರೆ ತೂಕದ ಪುಸ್ತಕ. 1327ರಲ್ಲಿ ಇಟಲಿಯ ಒಂದು ಮಠದಲ್ಲಿ ಸನ್ಯಾಸಿಗಳು ಒಬ್ಬರ ಹಿಂದೊಬ್ಬರು ಸಾಯುತ್ತಾರೆ. ಫ್ರಾನ್ಸಿಸ್ಕನ್ ಪಂಥದ ವಿಲಿಯಂ ಕಾರಣವನ್ನು ಹುಡುಕುತ್ತಾನೆ. ಕೊಲೆಗಳು ಪ್ರಕಟನೆ ಪುಸ್ತಕದ ತುತೂರಿಗಳ ಕ್ರಮದಲ್ಲಿ ನಡೆಯುತ್ತಿವೆಯೆಂದು ಅವನು ಊಹಿಸುತ್ತಾನೆ. ಆ ಊಹೆ ತಪ್ಪು. ಆದರೂ ತಪ್ಪು ದಾರಿ ಅವನನ್ನು ಸರಿಯಾದ ಮನುಷ್ಯನ ಬಳಿಗೇ ತಲುಪಿಸುತ್ತದೆ. ಪ್ರಕಟನೆಯಲ್ಲಿ ದಿನಪತ್ರಿಕೆಯ ಸುದ್ದಿಗಳನ್ನು ಹುಡುಕುವ ವ್ಯಾಖ್ಯಾನಕಾರರಿಗೆ ಇದಕ್ಕಿಂತ ಒಳ್ಳೆಯ ಪಥ್ಯವಿಲ್ಲ. ಬಡತನದ ಕುರಿತಾದ ವಾಗ್ವಾದಗಳು ಸಭಾಚರಿತ್ರೆಯ ವಿದ್ಯಾರ್ಥಿಗಳಿಗೆ ಹಬ್ಬದೂಟ; ಉಳಿದವರು ಅವುಗಳನ್ನು ಹಾರಿಸಿ ಓದಿದರೆ ನಾನು ದೂರುವುದಿಲ್ಲ. ಆದರೆ ಮಠದ ಅಡುಗೆಮನೆಗೆ ಹಸಿವಿನಿಂದ ಬಂದು, ಮಾಟಗಾತಿಯೆಂದು ಹಿಡಿಯಲ್ಪಟ್ಟ ಆ ರೈತ ಹುಡುಗಿಗೆ ಕೊನೆಯವರೆಗೂ ಹೆಸರಿಲ್ಲ. ಒಂದು ಕಳೆದುಹೋದ ಗ್ರಂಥವನ್ನು ಉಳಿಸಲು ವಿಲಿಯಂ ಬೆಂಕಿಯೊಂದಿಗೆ ಹೋರಾಡುತ್ತಾನೆ. ಅವಳನ್ನು ಉಳಿಸಲಾಗದೆಂದು ಒಂದೆರಡು ಮಾತಿನಲ್ಲಿ ಹೇಳಿ ಮುಗಿಸುತ್ತಾನೆ. ಎಕೊ ಇದನ್ನು ಬಲ್ಲನೆಂದೇ ನನ್ನ ಎಣಿಕೆ. ವಿದ್ವಾಂಸರ ಕರುಣೆಗೆ ಎಲ್ಲಿ ಗಡಿಯಿದೆಯೆಂಬುದನ್ನು ಅವನು ವಿದ್ವಾಂಸನಾಗಿಯೇ ತೋರಿಸಿದ್ದಾನೆ.

ಮೇರಿ ಡೋರಿಯಾ ರಸೆಲ್ ಅವರ 'ದಿ ಸ್ಪ್ಯಾರೋ' (1996) ವೈಜ್ಞಾನಿಕ ಕಾದಂಬರಿ. ದೂರದ ನಕ್ಷತ್ರದ ಕಡೆಯಿಂದ ಸಂಗೀತ ಕೇಳಿಬರುತ್ತದೆ. ಸರ್ಕಾರಗಳು ಚರ್ಚಿಸುತ್ತಿರುವಾಗಲೇ ಯೇಸುಸಭೆಯ ಗುರುಗಳು ಕೆಲವರು ವಿಶ್ವಾಸಿಗಳೂ ಅವಿಶ್ವಾಸಿಗಳೂ ಆದ ಸ್ನೇಹಿತರೊಂದಿಗೆ ಅಲ್ಲಿಗೆ ಹೊರಡುತ್ತಾರೆ. ಹಿಂದಿರುಗುವವನು ಒಬ್ಬನೇ, ಎಮಿಲಿಯೊ ಸಾಂಡೋಸ್ ಎಂಬ ಭಾಷಾಪಂಡಿತ ಗುರು. ಅವನ ಕೈಗಳು ಊನಗೊಂಡಿವೆ, ಮಾನ ಹೋಗಿದೆ, ದೇವರ ಹೆಸರೆತ್ತಿದರೆ ಉರಿಯುತ್ತಾನೆ. ಗುಬ್ಬಿಯೊಂದು ನೆಲಕ್ಕೆ ಬೀಳುವುದೂ ತಂದೆಗೆ ತಿಳಿದಿದೆಯೆಂಬ ಕರ್ತನ ಮಾತಿನಿಂದ ಹೆಸರು ಬಂದಿದೆ. ತಿಳಿದಿದ್ದರೂ ಗುಬ್ಬಿ ಬಿದ್ದೇ ಬೀಳುತ್ತದಲ್ಲಾ ಎಂಬುದು ಕಾದಂಬರಿಯ ಸಂಕಟ.

ಪುಸ್ತಕದ ಮೊದಲರ್ಧ ನನಗೆ ಹಿಡಿಸಲಿಲ್ಲ. ಯಾತ್ರಿಕರೆಲ್ಲರೂ ಅತಿ ಜಾಣರು, ಊಟದ ಮೇಜಿನ ಸುತ್ತ ಚಟಾಕಿ ಹಾರಿಸುವುದರಲ್ಲಿ ಒಬ್ಬರಿಗಿಂತ ಒಬ್ಬರು ಮಿಗಿಲು. ನೂರು ಪುಟಗಳಾದ ಮೇಲೆ ಒಬ್ಬ ಮಂದಮತಿಯಾದರೂ ಸಿಗಬಾರದೆ ಅನಿಸುತ್ತದೆ. ಆದರೆ ಅವರ ವಿನಾಶದ ಕಾರಣವನ್ನು ಲೇಖಕಿ ಕಂಡುಕೊಂಡ ಬಗೆ ಅಪೂರ್ವ. ಅವರು ಅಲ್ಲಿ ಯಾರನ್ನೂ ಕೊಲ್ಲಲಿಲ್ಲ, ಯಾರನ್ನೂ ಬಲವಂತವಾಗಿ ಮತಾಂತರಿಸಲಿಲ್ಲ. ಕೈತೋಟ ಮಾಡಿದರು, ಅಷ್ಟೇ. ಅಲೆದಾಡಿ ಆಹಾರ ಕೂಡಿಸುತ್ತಿದ್ದ ರೂನಾ ಎಂಬ ಸೌಮ್ಯ ಜನ ಅದನ್ನು ನೋಡಿ ತಾವೂ ಬೆಳೆಸಿದರು. ಹೊಟ್ಟೆತುಂಬ ಉಂಡದ್ದರಿಂದ ಅಪ್ಪಣೆಯಿಲ್ಲದೆ ಮಕ್ಕಳು ಹುಟ್ಟಿದರು. ರೂನಾ ಜನರನ್ನು ಆಳುವ, ಅವರನ್ನೇ ತಿನ್ನುವ ಇನ್ನೊಂದು ಕುಲದವರು ಬಂದು ಆ ಮಕ್ಕಳನ್ನು ಕೊಂದರು. ಉಪಕಾರ ಮಾಡುವ ಮೊದಲು ಆ ನೆಲದಲ್ಲಿ ಯಾರು ಯಾರನ್ನು ತಿಂದು ಬದುಕುತ್ತಿದ್ದಾರೆಂದು ವಿಚಾರಿಸದ ಸೇವೆ ಹೇಗೆ ಕೊಲೆಗೆ ದಾರಿ ಮಾಡುತ್ತದೆಂಬುದನ್ನು ಸೇವಾಶಾಸ್ತ್ರದ ಯಾವ ಪಠ್ಯವೂ ಇಷ್ಟು ಸ್ಪಷ್ಟವಾಗಿ ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಇಷ್ಟಾದರೂ ಕಾದಂಬರಿಯ ಕೊನೆಯ ವಿಚಾರಣೆಯೆಲ್ಲ ಸಾಂಡೋಸನ ಗಾಯವನ್ನು ಕುರಿತದ್ದು. ಅವನಿಗಾದದ್ದು ಘೋರವೇ. ಆದರೆ ದೇವರನ್ನು ಪ್ರಶ್ನಿಸುವ ಹಕ್ಕು ರೂನಾ ತಾಯಂದಿರಿಗೂ ಇತ್ತಲ್ಲವೆ? ಎರಡು ವರ್ಷಗಳ ಅನಂತರ ಬಂದ ಮುಂದಿನ ಭಾಗದಲ್ಲಿ ಲೇಖಕಿ ಆ ಜನರ ಕಡೆಗೆ ತಿರುಗಿದರು. ಮೊದಲ ಭಾಗವನ್ನು ಓದಿದವರು ಎರಡನೆಯದನ್ನೂ ಓದತಕ್ಕದ್ದು.

ಮೆರಿಲಿನ್ ರಾಬಿನ್‌ಸನ್ ಅವರ 'ಗಿಲಿಯಡ್' (2004) ನಮ್ಮ ವೃತ್ತಿಯವರ ನಡುವೆ ಈಗ ಬಹಳ ಮೆಚ್ಚುಗೆ ಪಡೆದ ಪುಸ್ತಕ. 1956ರಲ್ಲಿ, ಅಮೆರಿಕದ ಅಯೋವಾ ಸೀಮೆಯ ಸಣ್ಣ ಊರಿನಲ್ಲಿ, ಹೃದ್ರೋಗದಿಂದ ಸಾವಿನ ಹತ್ತಿರ ಬಂದ ಎಪ್ಪತ್ತಾರರ ಸಭಾಪಾಲಕ ಜಾನ್ ಏಮ್ಸ್ ತನ್ನ ಎಳೆಯ ಮಗನಿಗೆ ಬರೆಯುವ ದೀರ್ಘಪತ್ರವಿದು. ನೀರು, ಬೆಳಕು, ಹಸ್ತ ಇವುಗಳನ್ನು ಕುರಿತು ಈ ಮುದುಕ ಬರೆಯುವಾಗ ಸಂಸ್ಕಾರವೆಂಬ ಪದಕ್ಕೆ ಪ್ರಾಣ ಬರುತ್ತದೆ. ಸಿಡಿಲು ಬಡಿದು ಸುಟ್ಟುಹೋದ ದೇವಾಲಯವನ್ನು ಮಳೆಯಲ್ಲಿ ಜನ ಕೆಡವುತ್ತಿರುವಾಗ, ಮಸಿಹಿಡಿದ ಕೈಯಿಂದ ತಂದೆ ತನಗೆ ಕೊಟ್ಟ ರೊಟ್ಟಿಯ ತುಂಡನ್ನು ಅವನು ಜೀವಮಾನವೆಲ್ಲ ಕರ್ತನ ಭೋಜನವೆಂದೇ ನೆನೆಯುತ್ತಾನೆ. ಆ ಪುಟಗಳನ್ನು ಎರಡು ಸಲ ಓದಿದೆ. ಕಥೆಯಲ್ಲಿ ಅವಸರವಿಲ್ಲ. ಆಲಸ್ಯದಿಂದಲ್ಲ, ಸಾಯುವವನಿಗೆ ಅವಸರವೇಕೆ?

ಮೆಚ್ಚುವವರು ಹೆಚ್ಚಾಗಿ ಹೇಳದೆ ಬಿಡುವ ಸಂಗತಿಯೊಂದಿದೆ. ಏಮ್ಸನ ಅಜ್ಜ ಗುಲಾಮಗಿರಿಯ ವಿರುದ್ಧ ಪಿಸ್ತೂಲು ಧರಿಸಿಯೇ ಪ್ರಸಂಗ ಮಾಡಿದ ಒಕ್ಕಣ್ಣಿನ ಪ್ರವಾದಿ. ಮೊಮ್ಮಗನ ಕಾಲಕ್ಕೆ ಅದೇ ಊರಿನಲ್ಲಿ ಕರಿಯರ ದೇವಾಲಯಕ್ಕೆ ಯಾರೋ ಬೆಂಕಿ ಹಚ್ಚಿದ್ದಾರೆ, ಆ ಕುಟುಂಬಗಳು ಊರು ಬಿಟ್ಟು ಹೋಗಿವೆ. ಏಮ್ಸನು ಅದನ್ನು ಚಿಕ್ಕ ಬೆಂಕಿಯೆಂದು ಹೇಳಿ ಮುಂದೆ ಸಾಗುತ್ತಾನೆ. ಒಂದು ದೇವಾಲಯದ ಬೂದಿ ಅವನಿಗೆ ಸಂಸ್ಕಾರವಾಯಿತು, ಇನ್ನೊಂದರ ಬೂದಿ ನೆನಪಿನಲ್ಲೂ ಸರಿಯಾಗಿ ಉಳಿಯಲಿಲ್ಲ. ಅವನ ಹೆಸರನ್ನೇ ಹೊತ್ತ, ಗೆಳೆಯನ ದಾರಿತಪ್ಪಿದ ಮಗ ಜ್ಯಾಕ್ ಊರಿಗೆ ಮರಳಿದ್ದು ತನ್ನ ಕರಿಯ ಹೆಂಡತಿ ಮಗುವಿನೊಂದಿಗೆ ಇಲ್ಲಿ ಬಾಳಬಹುದೇ ಎಂದು ತಿಳಿಯಲು. ಹಾಗೆ ಬಾಳಬಹುದೆಂಬ ಭರವಸೆಯನ್ನು ಏಮ್ಸನು ಕೊಡಲಾರ. ಜ್ಯಾಕ್ ಹೊರಡುವಾಗ ಏಮ್ಸ್ ಅವನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾನೆ. ಈ ಆಶೀರ್ವಾದವನ್ನು ಕೃಪೆಯ ಶಿಖರವೆಂದು ವಿಮರ್ಶಕರು ಹೊಗಳಿದ್ದಾರೆ. ನನಗೂ ಕಣ್ಣು ತೇವವಾಯಿತು. ಆದರೂ ಆಶೀರ್ವಾದ ಪಡೆದವನು ಬಸ್ಸು ಹತ್ತಬೇಕಾಯಿತು. ಎಲ್ಲರನ್ನೂ ಪ್ರೀತಿಸುವ, ಯಾರ ಮನಸ್ಸನ್ನೂ ನೋಯಿಸದ, ತನ್ನ ಊರಿನ ಕೇರಿಗಳನ್ನು ಕುರಿತು ಒಂದು ಪ್ರಸಂಗವನ್ನೂ ಮಾಡದ ಸಭಾಪಾಲಕರು ನಮ್ಮಲ್ಲಿಯೂ ಇದ್ದಾರೆ. ಅವರೆಲ್ಲರೂ ಏಮ್ಸನಷ್ಟು ಒಳ್ಳೆಯವರೂ ಅಲ್ಲ. ರಾಬಿನ್‌ಸನ್ ತನ್ನ ನಾಯಕನನ್ನು ಪ್ರೀತಿಸುತ್ತಲೇ ಅವನ ಕುರುಡುತನವನ್ನು ಬಯಲಿಗಿಟ್ಟಿದ್ದಾರೆಂದು ನಾನು ಓದಿಕೊಂಡಿದ್ದೇನೆ. ಪ್ರೀತಿಯನ್ನಷ್ಟೇ ಓದುವುದು ಅರ್ಧ ಓದು.

ಇನ್ನು ಶುಸಾಕು ಎಂಡೋ ಅವರ 'ಮೌನ'. 1966ರಲ್ಲಿ ಜಪಾನೀ ಭಾಷೆಯಲ್ಲಿ ಬಂದ ಈ ಕಾದಂಬರಿಯನ್ನು ಸೆಮಿನರಿಗಳಲ್ಲಿ ಓದಿಸುತ್ತಾರೆ, ಆದರೆ ಒಂದೇ ಪ್ರಶ್ನೆಯನ್ನು ಕೇಳಲು ಓದಿಸುತ್ತಾರೆ: ರೊಡ್ರಿಗಸ್ ಮಾಡಿದ್ದು ಸರಿಯೇ? ಹದಿನೇಳನೆಯ ಶತಮಾನದಲ್ಲಿ ಕ್ರೈಸ್ತರು ನಿಷೇಧಕ್ಕೊಳಗಾಗಿದ್ದ ಜಪಾನಿಗೆ ಈ ಪೋರ್ಚುಗೀಸ್ ಗುರು ಗುಟ್ಟಾಗಿ ಬಂದಿಳಿಯುತ್ತಾನೆ. ತನ್ನ ಗುರುವಾದ ಫೆರೇರ 1633ರಲ್ಲಿ ಚಿತ್ರಹಿಂಸೆಗೆ ಸೋತು ನಂಬಿಕೆ ಬಿಟ್ಟನೆಂಬ ವಾರ್ತೆ ನಿಜವೇ ಎಂದು ತಿಳಿಯಬೇಕಾಗಿದೆ. ಸೆರೆಸಿಕ್ಕ ಮೇಲೆ ಅವನ ಮುಂದೆ ಕ್ರಿಸ್ತನ ರೂಪವಿರುವ ಫಲಕವನ್ನಿಡುತ್ತಾರೆ. ಅದನ್ನು ತುಳಿದರೆ, ಗುಂಡಿಯ ಮೇಲೆ ತಲೆಕೆಳಗಾಗಿ ತೂಗುಬಿದ್ದಿರುವ ಬಡ ರೈತರನ್ನು ಇಳಿಸುತ್ತಾರೆ. ತುಳಿಯೆಂದು ಫಲಕದೊಳಗಿನ ಕ್ರಿಸ್ತನೇ ಹೇಳಿದಂತೆ ಅವನಿಗೆ ಕೇಳಿಸುತ್ತದೆ, ತುಳಿಯುತ್ತಾನೆ, ಕೋಳಿ ಕೂಗುತ್ತದೆ.

ತರಗತಿಯ ಚರ್ಚೆ ಸಾಮಾನ್ಯವಾಗಿ ಇಲ್ಲಿ ಎರಡು ಪಕ್ಷವಾಗಿ ಒಡೆಯುತ್ತದೆ. ಎರಡೂ ಪಕ್ಷದವರು ಗುಂಡಿಯಲ್ಲಿರುವವರನ್ನು ಮರೆಯುತ್ತಾರೆ. ಆ ರೈತರು ಆಗಲೇ ಎಷ್ಟೋ ಸಲ ನಂಬಿಕೆ ಬಿಟ್ಟೆವೆಂದು ಹೇಳಿಯಾಗಿದೆ! ಅವರನ್ನು ತೂಗುಹಾಕಿರುವುದು ಅವರ ನಂಬಿಕೆಗಾಗಿ ಅಲ್ಲ, ಗುರುವಿನ ನಂಬಿಕೆಗಾಗಿ. ಅದಕ್ಕೂ ಮೊದಲು ಅವರ ನರಳಾಟವನ್ನು ರೊಡ್ರಿಗಸ್ ಕಾವಲುಗಾರನ ಗೊರಕೆಯೆಂದು ಭಾವಿಸಿ ಅಸಹ್ಯಪಟ್ಟಿದ್ದಾನೆ. ಈ ಪುಸ್ತಕದಲ್ಲಿ ನನ್ನನ್ನು ಅತಿಯಾಗಿ ಕಾಡಿದ್ದು ತುಳಿಯುವ ಕಾಲಲ್ಲ, ಈ ಗೊರಕೆ. ಗೆತ್ಸೇಮನೆಯ ನೋವನ್ನು ತಾನು ಅನುಭವಿಸುತ್ತಿದ್ದೇನೆಂದು ಧ್ಯಾನಿಸುತ್ತ ಕುಳಿತ ಯಾಜಕನಿಗೆ ಗೋಡೆಯಾಚೆಯ ಗೆತ್ಸೇಮನೆ ಗೊರಕೆಯಾಗಿ ಕೇಳಿತು.

ರಚನೆಯ ವಿಷಯದಲ್ಲಿಯೂ ಒಂದು ಮಾತು. ಮೊದಲ ಅಧ್ಯಾಯಗಳು ರೊಡ್ರಿಗಸನ ಪತ್ರಗಳು. 'ನಾನು' ಎಂಬ ಧ್ವನಿ ಅಲ್ಲಿ ದೃಢವಾಗಿದೆ. ಅವನು ಸೆರೆಸಿಕ್ಕ ಬಳಿಕ ಕಥೆ 'ಅವನು' ಎಂದು ಮುಂದುವರಿಯುತ್ತದೆ. ಕೊನೆಯಲ್ಲಿ ಉಳಿಯುವುದು ಸೆರೆಮನೆಯ ಅಧಿಕಾರಿಯೊಬ್ಬನ ಒಣ ದಿನಚರಿ. ಅದರಲ್ಲಿ ಅವನಿಗೆ ಜಪಾನೀ ಹೆಸರು, ಸರ್ಕಾರಿ ಊಟ, ಮತ್ತೊಮ್ಮೆ ಬರೆದುಕೊಡಬೇಕಾದ ತ್ಯಾಗಪತ್ರ. ಪತ್ರ ಬರೆಯಲು ಓದುವವರೊಬ್ಬರು ಬೇಕು. ಓದುವವರು ಇಲ್ಲವಾದಂತೆ 'ನಾನು' ಕೂಡ ಇಲ್ಲವಾಗುತ್ತದೆ. ಅವನು ಅಂತರಂಗದಲ್ಲಿ ಏನಾಗಿ ಸತ್ತನೆಂಬುದನ್ನು ಎಂಡೋ ಆ ದಿನಚರಿಯ ಹಿಂದೆ ಬಚ್ಚಿಟ್ಟರು. ಮಾರ್ಟಿನ್ ಸ್ಕಾರ್ಸೇಸೆ 2016ರಲ್ಲಿ ಮಾಡಿದ ಚಲನಚಿತ್ರದ ಕೊನೆಗೆ ಶವದ ಕೈಯಲ್ಲಿ ಒಂದು ಸಣ್ಣ ಶಿಲುಬೆ ಕಾಣುತ್ತದೆ. ಕಾದಂಬರಿಯಲ್ಲಿ ಅದಿಲ್ಲ. ಪ್ರೇಕ್ಷಕನಿಗೆ ಸಮಾಧಾನ ಕೊಡುವ ಆ ಶಿಲುಬೆ ಎಂಡೋ ಕಷ್ಟಪಟ್ಟು ಕಾಯ್ದ ಮೌನವನ್ನು ಮುರಿಯುತ್ತದೆ.

ಜಪಾನ್ ಒಂದು ಕೆಸರಿನ ಜವುಗು, ಅಲ್ಲಿ ಕ್ರೈಸ್ತತ್ವದ ಸಸಿ ಬೇರಿನಿಂದಲೇ ಕೊಳೆಯುತ್ತದೆಂಬ ವಾದವನ್ನು ನಮ್ಮ ವಿದ್ಯಾರ್ಥಿಗಳು ದೇಶೀಕರಣದ ಪ್ರಬಂಧಗಳಲ್ಲಿ ಉತ್ಸಾಹದಿಂದ ಎತ್ತಿಕೊಳ್ಳುತ್ತಾರೆ. ಆ ಮಾತು ಯಾರ ಬಾಯಿಂದ ಬಂದಿತೆಂದು ನೋಡಬೇಡವೆ? ಚಿತ್ರಹಿಂಸೆ ಕೊಡಿಸುವ ಇನೌಯೆ ಹಾಗೂ ಅವನಿಗೆ ಸೋತ ಫೆರೇರ ಹೇಳುವ ಮಾತದು. ಕಡಲ ಉಬ್ಬರದಲ್ಲಿ ಕಂಬಕ್ಕೆ ಕಟ್ಟಲ್ಪಟ್ಟು, ಹಾಡುತ್ತ ಸತ್ತ ಮೊಕಿಚಿ ಎಂಬ ಹಳ್ಳಿಗನಿಗೆ ಆ ವಾದ ತಿಳಿದಿರಲಿಲ್ಲ. 1865ರ ಮಾರ್ಚ್‌ನಲ್ಲಿ ನಾಗಸಾಕಿಯ ಹೊಸ ದೇವಾಲಯಕ್ಕೆ ಬಂದು, ತಮ್ಮ ನಂಬಿಕೆಯೂ ಇದೇ ಎಂದು ಫ್ರೆಂಚ್ ಗುರುವಿಗೆ ಗುಟ್ಟಾಗಿ ತಿಳಿಸಿದ ಉರಕಾಮಿಯ ರೈತರಿಗೂ ತಿಳಿದಿರಲಿಲ್ಲ. ಎರಡು ಶತಮಾನಕ್ಕೂ ಮಿಗಿಲಾಗಿ ಗುರುಗಳೇ ಇಲ್ಲದೆ ಅವರು ಆ ಸಸಿಯನ್ನು ಕಾಯ್ದಿದ್ದರು.

ಕಿಚಿಜಿರೋ ಎಂಬವನ ಕುರಿತು ಹೇಳದೆ ಈ ಪುಸ್ತಕವನ್ನು ಬಿಡಲಾರೆ. ಮತ್ತೆ ಮತ್ತೆ ತುಳಿಯುತ್ತಾನೆ, ಗುರುವನ್ನು ಹಿಡಿದುಕೊಡುತ್ತಾನೆ, ಮತ್ತೆ ಮತ್ತೆ ಬಂದು ಪಾಪನಿವೇದನೆ ಕೇಳಬೇಕೆಂದು ಅಳುತ್ತಾನೆ. ಹಿಂಸೆಯಿಲ್ಲದ ಕಾಲದಲ್ಲಿ ಹುಟ್ಟಿದ್ದರೆ ತಾನೂ ಒಳ್ಳೆಯ ಕ್ರೈಸ್ತನಾಗಿಯೇ ಸಾಯುತ್ತಿದ್ದೆನೆಂಬುದು ಅವನ ದೂರು. ಹಿಂಸೆಯಿಲ್ಲದ ಕಾಲದಲ್ಲಿ ಒಳ್ಳೆಯ ಕ್ರೈಸ್ತರಾಗಿರುವ ನಮಗೆ ಈ ದೂರಿಗೆ ಉತ್ತರ ಹೇಳುವುದು ಸುಲಭವಲ್ಲ. ರೊಡ್ರಿಗಸ್ ಬಹುಕಾಲ ಅವನಿಗೆ ಕ್ಷಮೆಯ ಮಾತುಗಳನ್ನು ಕರ್ತವ್ಯವೆಂದು ಗೊಣಗುತ್ತಾನೆ, ಒಳಗೆ ಅವನನ್ನು ಯೂದನೆಂದು ಹೇಸುತ್ತಾನೆ. ತಾನೂ ತುಳಿದ ಮೇಲಷ್ಟೆ ಅವನ ಪಾಪನಿವೇದನೆಯನ್ನು ಸಮನಾಗಿ ಕುಳಿತು ಕೇಳಬಲ್ಲನು.

ಶಿವರಾಮ ಕಾರಂತರ 'ಚೋಮನ ದುಡಿ' 1933ರದು. ಇದನ್ನು ಪ್ರೌಢಶಾಲೆಯಲ್ಲೋ ಕಾಲೇಜಿನಲ್ಲೋ ಓದಿದವರು ಬಹಳ; ಸಭೆಯ ಸೇವಕರಾದ ಮೇಲೆ ಮತ್ತೆ ಓದಿದವರು ಕಡಿಮೆ. ಚೋಮನಿಗೆ ಬೇಕಾದದ್ದು ಒಂದೇ, ತನ್ನದೆಂದು ಉಳಲು ಒಂದು ತುಂಡು ಗದ್ದೆ. ಎರಡು ಎತ್ತುಗಳು ಅವನಲ್ಲಿವೆ, ನೆಲವಿಲ್ಲ. ಅಸ್ಪೃಶ್ಯನಾದವನು ಬೇಸಾಯಗಾರನಾಗುವುದನ್ನು ಒಡೆಯ ಸಂಕಪ್ಪಯ್ಯನ ಮನೆ ಒಪ್ಪುವುದಿಲ್ಲ. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಚನಿಯ ಜ್ವರ ಹೊತ್ತು ಮರಳಿ ಸಾಯುತ್ತಾನೆ. ಗುರುವ ಅಲ್ಲಿಯೇ ಮೇರಿ ಎಂಬ ಹುಡುಗಿಯನ್ನು ಪ್ರೀತಿಸಿ ಕ್ರೈಸ್ತನಾಗುತ್ತಾನೆ. ಮಗಳು ಬೆಳ್ಳಿ ತೋಟದ ಬರವಣಿಗೆಯ ಮನ್ವೇಲನ ಕೈಗೆ ಸಿಗುತ್ತಾಳೆ. ನೀಲ ನೀರಿನಲ್ಲಿ ಮುಳುಗುವಾಗ, ಮುಟ್ಟಿದರೆ ಮೈಲಿಗೆಯೆಂದು, ದಡದಲ್ಲಿದ್ದವರು ಎತ್ತುವುದಿಲ್ಲ.

ಕ್ರೈಸ್ತನಾದರೆ ಭೂಮಿ ಸಿಕ್ಕೀತೆಂಬ ಆಸೆಯಿಂದ ಚೋಮನೂ ಒಮ್ಮೆ ಹೊರಡುತ್ತಾನೆ. ದಾರಿಯಲ್ಲಿ ತನ್ನ ಭೂತದ ಗುಡಿಯ ಬಳಿ ಬಂದಾಗ ಅವನ ಕಾಲು ಮುಂದೆ ಹೋಗುವುದಿಲ್ಲ, ಹಿಂದಿರುಗುತ್ತಾನೆ. ನಮ್ಮವರಲ್ಲಿ ಕೆಲವರು ಇದನ್ನು ಅಂಧಕಾರದ ಬಂಧನವೆಂದು ಓದುತ್ತಾರೆ, ಇನ್ನು ಕೆಲವರು ದೇಶೀಯ ಸಂಸ್ಕೃತಿಯ ನಿಷ್ಠೆಯೆಂದು ಕೊಂಡಾಡುತ್ತಾರೆ. ಎರಡೂ ಓದುಗಳು ಚೋಮನ ಮಾತನ್ನು ಕೇಳಿಸಿಕೊಂಡಿಲ್ಲ. ಅವನಿಗೆ ಬೇಕಾಗಿದ್ದುದು ನೆಲ. ದೇವರನ್ನು ಅವನು ಯಾರಲ್ಲಿಯೂ ಬೇಡಿರಲಿಲ್ಲ. ನೆಲ ಬೇಕಾದರೆ ದೇವರನ್ನು ಕೊಡು ಎಂಬ ವ್ಯಾಪಾರ ಅವನ ಮುಂದೆ ಬಂದಿತು. ಹಸಿದಿದ್ದ ಏಸಾವನು ಒಂದು ಹೊತ್ತಿನ ಊಟಕ್ಕೆ ತನ್ನ ಹಕ್ಕನ್ನು ಮಾರಿದನು. ಏಸಾವನಿಗಿಂತ ಹೆಚ್ಚು ಹಸಿದಿದ್ದ ಚೋಮ ಮಾರಲಿಲ್ಲ. ಅವನು ನಿಂತದ್ದು ಭೂತದ ಮುಂದೆ, ನಿಜ. ಆದರೆ ದೇವರನ್ನು ಬೆಲೆಗೆ ಬದಲಿಸಬಾರದೆಂಬ ಅರಿವು ಆ ಗಳಿಗೆಯಲ್ಲಿ ಇದ್ದದ್ದು ಅವನಲ್ಲಿ, ಭೂಮಿಯ ಆಸೆ ತೋರಿಸಿದ ಪಾದ್ರಿಯಲ್ಲಲ್ಲ.

ಕಾರಂತರು ಕ್ರೈಸ್ತರಿಗೆ ಅನ್ಯಾಯ ಮಾಡಿದ್ದಾರೆಂಬ ದೂರು ಉಂಟು. ದಕ್ಷಿಣ ಕನ್ನಡದಲ್ಲಿ ಬಾಸೆಲ್ ಮಿಷನ್ 1834ರಿಂದ ನಡೆಸಿದ ಶಾಲೆ, ಮುದ್ರಣಾಲಯ, ಕುಲದ ಆಸರೆ ಕಳೆದುಕೊಂಡ ಹೊಸ ವಿಶ್ವಾಸಿಗಳಿಗಾಗಿ ತೆರೆದ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆ, ಇವೊಂದೂ ಕಾದಂಬರಿಯಲ್ಲಿಲ್ಲವೆಂಬುದು ದೂರುವವರ ವಾದ. ಇಲ್ಲ, ನಿಜ. ಚೋಮನ ಗುಡಿಸಲಿನಿಂದ ಅವು ಕಾಣುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ಆ ಕುಟುಂಬ ಕಂಡ ಕ್ರೈಸ್ತತ್ವವೆಂದರೆ ಭೂಮಿಯ ಭರವಸೆ ಕೊಡುವ ಪಾದ್ರಿ, ಒಬ್ಬ ಹುಡುಗಿಯ ಒಲವು, ಸಾಲದ ಲೆಕ್ಕ ಬರೆಯುವ ಮನ್ವೇಲ. ಈ ಮೂವರಲ್ಲಿ ಸುವಾರ್ತೆಗೆ ಹತ್ತಿರವಿದ್ದವಳು ಆ ಹುಡುಗಿ ಎಂದು ನಾನು ಹೇಳಬಲ್ಲೆ. ಕಾರಂತರ ಕೋಪ ಹೆಚ್ಚಾಗಿ ಇರುವುದು ನೀರಿನ ದಡದಲ್ಲಿ ನಿಂತು ನೋಡಿದವರ ಮೇಲೆ. ನಮ್ಮ ಮೇಲೆ ಬಿದ್ದದ್ದು ಅದರ ಸಣ್ಣ ಪಾಲು, ಅಷ್ಟನ್ನು ತಾಳಿಕೊಳ್ಳಬಹುದು.

ಪುಸ್ತಕದ ಕೊರತೆ ನನಗೆ ಬೇರೆ ಕಡೆ ಕಾಣುತ್ತದೆ. ಬೆಳ್ಳಿಯ ಮನಸ್ಸಿನೊಳಕ್ಕೆ ಲೇಖಕರು ಹೋದದ್ದು ಸಾಲದು. ಅವಳ ದೇಹವು ಸಾಲಕ್ಕೆ ಸಲ್ಲಿಕೆಯಾಗುವುದು ಚೋಮನ ದುಃಖಕ್ಕೆ ಇನ್ನೊಂದು ಕಾರಣವಾಗಿ ಮಾತ್ರ ಉಳಿಯುತ್ತದೆ. ಗುರುವನಂತೂ ಕ್ರೈಸ್ತನಾದ ಕೂಡಲೇ ಕಥೆಯಿಂದಲೇ ಹೊರಗಾಗುತ್ತಾನೆ. ತಂದೆಗೆ ಸತ್ತಂತಾದ, ಒಡೆಯನಿಗೆ ತಪ್ಪಿಸಿಕೊಂಡ ಆಳಾದ, ಹೊಸ ಸಭೆಯ ಪಟ್ಟಿಯಲ್ಲಿ ಒಂದು ಹೊಸ ಹೆಸರಾದ ಆ ಯುವಕ ರಾತ್ರಿ ದುಡಿಯ ಸದ್ದು ನೆನೆದು ಏನೆಂದುಕೊಂಡನು? ನಮ್ಮ ಸಭೆಗಳಲ್ಲಿ ಅವನ ಮೊಮ್ಮಕ್ಕಳು ಮರಿಮಕ್ಕಳು ಸಾಲುಸಾಲಾಗಿ ಕುಳಿತಿದ್ದಾರೆ. ಅವರಲ್ಲೊಬ್ಬರು ಬರೆಯಬೇಕಾದ ಕಾದಂಬರಿಯಿದು. ಕಾರಂತರಿಂದ ನಿರೀಕ್ಷಿಸುವುದು ನ್ಯಾಯವಲ್ಲ.

ಸುವಾರ್ತಾಸೇವೆಯ ಚರಿತ್ರೆಯನ್ನು ಕಲಿಸುವವರು ಮಿಷನ್ ವರದಿಗಳೊಂದಿಗೆ 'ಚೋಮನ ದುಡಿ' ಮತ್ತು 'ಮೌನ' ಎರಡನ್ನೂ ಒಂದೇ ವಾರದಲ್ಲಿ ಓದಿಸಿ ನೋಡಲಿ. ಒಬ್ಬನು ಮೂರ್ತಿಯ ಮೇಲೆ ಕಾಲಿಡುತ್ತಾನೆ, ಇನ್ನೊಬ್ಬನು ಮೂರ್ತಿಯನ್ನು ದಾಟಿ ಕಾಲಿಡಲಾರದೆ ನಿಲ್ಲುತ್ತಾನೆ. ಇಬ್ಬರನ್ನೂ ಆ ಸ್ಥಳಕ್ಕೆ ತಂದು ನಿಲ್ಲಿಸಿದವರು ಯಾರೆಂದು ವಿದ್ಯಾರ್ಥಿಗಳು ಚರ್ಚಿಸಲಿ. ಮೊದಲು ಓದಬೇಕಾದದ್ದು 'ಚೋಮನ ದುಡಿ'. ಅದು ಚಿಕ್ಕ ಪುಸ್ತಕ, ಒಂದು ದಿನದಲ್ಲಿ ಮುಗಿಯುತ್ತದೆ.